ಭಾನುವಾರ ಬರಬೇಡ

ಕೊಂಡ್ಲಹಳ್ಳಿ
೨೬ ಆಗಸ್ಟ್ ೨೦೧೦

ಪ್ರೀತಿಯ ಮಗಳು ಗಂಗಾಂಬಿಕೆಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯವ್ವಾ? ಕಾಲಿನ ಊತ ಇಳಿಯಿತೇ? ಏಳು ತಿಂಗಳಾಯಿತು, ಇನ್ನು ಮಹಡಿ ಹತ್ತಿ ಇಳಿಯುವುದನ್ನು ನಿಲ್ಲಿಸು. ಫೋನ್ ಇರುವಾಗ ಕಾಗದ ಬರೆಯುತ್ತಾನಲ್ಲ ಎಂದು ನಗಬೇಡ. ಫೋನು ನಿನ್ನವ್ವನ ದಿಂಬಿನ ಪಕ್ಕದಲ್ಲೇ ಇರುತ್ತದೆ. ಯಾರು ಮಾಡಿದರೂ ಸ್ಪೀಕರ್ ಹಾಕಿಸಿ ಕೇಳುತ್ತಾಳೆ. ಅದಕ್ಕೇ ನಿಮ್ಮ ಚಳ್ಳಕೆರೆಗೆ ಹೊರಟಿರುವ ವೀರೇಶನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನಿನ್ನವ್ವ ಆಸ್ಪತ್ರೆಯಿಂದ ಬಂದಳು. ಜ್ವರ ಬಿಟ್ಟಿದೆ, ಕೆಮ್ಮು ಬಿಟ್ಟಿಲ್ಲ. ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ನನಗೂ ಸಾಕಾಗಿ ಹೋಗಿದೆ ಮಗಳೇ. ಹಂದಿಜ್ವರ ಎಂದು ಗೊತ್ತಾಗುವ ಹೊತ್ತಿಗೇ ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶ ಬೆಳ್ಳಗೆ ಕಂಡಿದ್ದವು. ಸಕ್ಕರೆ ಕಾಯಿಲೆ ಬೇರೆ. ಪಕ್ಕದ ಹಾಸಿಗೆಯ ಎಂಬತ್ತರ ಅಜ್ಜಿ ನಡೆದುಕೊಂಡೇ ಮನೆಗೆ ಹೋದಳು. ಆಚೆ ಮಲಗಿದ್ದ ಲಾರಿ ಡ್ರೈವರ್, ಗಟ್ಟಿ ಆಳು, ಬೆಳಿಗ್ಗೆ ಕಾಫಿ ಕೇಳಿದವನು ಸಂಜೆಗೆ ಇರಲಿಲ್ಲ. ಬಸುರಿಯರನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳಬೇಡಿ ಎಂದು ಡಾಕ್ಟರು ಕಳಿಸುವಾಗಲೂ ಹೇಳಿದರು.

ನಮ್ಮವರಿಗೆ ಇದೆಲ್ಲ ಎಲ್ಲಿ ನಾಟುತ್ತದೆ? ಮಲಗಿದವರನ್ನು ಮಾತಾಡಿಸದೆ ಇರುವುದುಂಟೇ? ಜ್ವರ ಕಾಯುವಾಗಲೂ ಬಂದರು, ಈಗಲೂ ಬರುತ್ತಿದ್ದಾರೆ, ಬನ್ನು ಮೋಸಂಬಿ ಹಿಡಿದುಕೊಂಡು. ಹಾಸಿಗೆಯ ಮೇಲೇ ಕೂತು, ಹಣೆ ಮುಟ್ಟಿ, ಕಾಫಿ ಕುಡಿದು, ಒಂದಿಷ್ಟು ಕೆಮ್ಮಿ ಹೋಗುತ್ತಾರೆ. ಬಾಗಿಲಲ್ಲೇ ನಿಲ್ಲಿ ಎಂದದ್ದಕ್ಕೆ ಪಕ್ಕದ ಮನೆಯ ನಿಂಗಕ್ಕ ಮುಖ ಊದಿಸಿಕೊಂಡಳು. “ಊರಾಗೆ ಒಂದು ಹಂದಿ ಇಲ್ಲ, ಹಂದಿಜ್ವರ ಎಲ್ಲಿಂದ ಬರ್ತೈತ್ರಿ?” ಎಂದಳು.

ಇಂಥ ಮನೆಗೆ ನೀನು ಭಾನುವಾರ ಬರುತ್ತೇನೆ ಎಂದಿದ್ದೀಯ. ಬರಬೇಡ. ಕುಬುಸ ಮಾಡಿ ಕರೆತರುವುದೂ ಬೇಡ, ಚೊಚ್ಚಲ ಹೆರಿಗೆ ಅಲ್ಲೇ ಆಗಲಿ. ಬೇಕಾದರೆ ಬೀಗರ ಕಾಲಿಗೆ ನಾನೇ ಬಂದು ಬೀಳುತ್ತೇನೆ. ನಿನ್ನವ್ವ “ಸಾಯಂಗಾದ್ರೂ ಮಗಳು ಬರಲಿಲ್ವಲ್ಲ” ಎಂದು ಗೋಡೆಗೆ ಮುಖ ಮಾಡಿ ಅಳುತ್ತಾಳೆ. ಅಳಲಿ. ನಿನ್ನ ಮೇಲೆ ಮುನಿಸಿಕೊಳ್ಳುವುದಕ್ಕಾದರೂ ಅವಳು ಇದ್ದಾಳೆ.

ಅಳಿಯಂದಿರಿಗೂ ಬೀಗರಿಗೂ ನನ್ನ ಶರಣು ತಿಳಿಸು. ನೀನೂ ಹೊಟ್ಟೆಯಲ್ಲಿರುವ ಕೂಸೂ ತಣ್ಣಗಿರಿ.

ನಿನ್ನ ಅಪ್ಪ
ಮುರುಗೇಂದ್ರಪ್ಪ

ತಾ.ಕ.: ವೀರೇಶ ಅವಸರ ಮಾಡುತ್ತಿದ್ದಾನೆ. ಇದನ್ನು ಬರೆಯದಿದ್ದರೆ ನೀನು ಹಟ ಹಿಡಿದು ಬಂದೇ ಬರುತ್ತೀಯ. ಮೊಳಕಾಲ್ಮುರಿನಲ್ಲಿರುವ ನಿನ್ನ ಚಿಕ್ಕಪ್ಪನ ಸೊಸೆ ರಶ್ಮಿತಾ, ನಿನ್ನ ಹಾಗೇ ಬಸುರಿ, ನಿನ್ನವ್ವನಿಗೆ ಜ್ವರ ಏರಿದ್ದಾಗ ಪಕ್ಕದಲ್ಲೇ ಕೂತು ಕಾಲು ಒತ್ತಿದ್ದಳು. ನಿನ್ನೆ ಅವಳು ಹೋದಳು, ಹೊಟ್ಟೆಯ ಕೂಸಿನ ಸಮೇತ. ಮಣ್ಣು ಮಾಡಿ ಬಂದು, ಹೊಲದ ತೊಟ್ಟಿಯಲ್ಲೇ ಸ್ನಾನ ಮಾಡಿ, ನೀರು ಕಟ್ಟಲು ಹೋಗಿದ್ದೆ ಎಂದು ಮನೆಯಲ್ಲಿ ಸುಳ್ಳು ಹೇಳಿದೆ. ಮಾತಾಡಿಸಲು ಬರುವವರಿಗೂ ಬಾಗಿಲಲ್ಲೇ ಕೈ ಮುಗಿದು ಬಾಯಿ ಬಿಡಬೇಡಿ ಎಂದಿದ್ದೇನೆ. ತನ್ನಿಂದಲೇ ಅಂಟಿತು ಎಂದು ತಿಳಿದರೆ ನಿನ್ನವ್ವ ಉಳಿಯುವುದಿಲ್ಲ. ರಶ್ಮಿತಾ ಹೆರಿಗೆಗೆ ತವರಿಗೆ ಹೋಗಿದ್ದಾಳೆ ಎಂದು ನಂಬಿಸಿದ್ದೇನೆ. ಅವ್ವ ಫೋನಿನಲ್ಲಿ ಕೇಳಿದರೆ ನೀನೂ ಹಾಗೇ ಹೇಳು. ಹೇಳುವಾಗ ಅಳಬೇಡ.