ಹಸಿರು ಮುಚ್ಚಳದವಳು

ಜೂನ್ 3, ಸೋಮವಾರ

ಇಪ್ಪತ್ತಮೂರು ಸ್ಯಾಂಪಲ್, ಜೊತೆಗೆ ನಾನು. ಯಂತ್ರ ಓಡಿಸುವಾಗಲೆಲ್ಲ ಫಲಿತಾಂಶ ಮೊದಲೇ ಗೊತ್ತಿರುವ ಒಂದು ಟ್ಯೂಬ್ ಇಡಬೇಕು, ಯಂತ್ರ ಸುಳ್ಳು ಹೇಳುತ್ತಿಲ್ಲ ಎಂಬ ಖಾತ್ರಿಗೆ. ಒಂಬತ್ತು ವರ್ಷದಿಂದ ಅದು ನನ್ನದೇ ರಕ್ತ. ಕಿಡ್ನಿ ಹೊಂದುತ್ತದಾ ಎಂದು ನೋಡಲು ರಕ್ತ ಕೊಟ್ಟ ಎಷ್ಟೋ ಜನರ ಪಕ್ಕ ಟ್ಯೂಬಿನಲ್ಲಿ ಕೂತೆದ್ದಿದ್ದೇನೆ, ಒಬ್ಬರ ಮುಖವೂ ಗೊತ್ತಿಲ್ಲ.

ಈಗ ಹೊಸ ಸಂಶೋಧನೆ. ಎಂಎಸ್. ಮೈಯೊಳಗಿನ ಕಾವಲು ಪಡೆ ದಾರಿ ತಪ್ಪಿ ಸ್ವಂತ ನರಗಳ ಹೊದಿಕೆಯನ್ನೇ ಕಿತ್ತುಹಾಕುವ ಕಾಯಿಲೆ. ಮುನ್ನೂರು ರೋಗಿಗಳು, ಮುನ್ನೂರು ಆರೋಗ್ಯವಂತರು. ರೋಗಿಗಳಿಗೆ ಕೆಂಪು ಮುಚ್ಚಳ, ಉಳಿದವರಿಗೆ ಹಸಿರು. ಹೆಸರಿಲ್ಲ, ನಂಬರ್ ಮಾತ್ರ. ಲ್ಯಾಬಿನವರೆಲ್ಲ ಹಸಿರಿಗೆ ರಕ್ತ ಕೊಟ್ಟೆವು. ನಾನು ಹಸಿರು ಏಳು.

ಜೂನ್ 5

ಹೊಸಬರಿಗೆ ಮೇಡಂ ಪಾಠ. ಲ್ಯಾಬ್ ಅವರದು, ಪಾಠ ಮಾಡುವ ಚಟವೂ ಅವರದು. ಜೀವಕೋಶದ ಮೇಲೆ ಚಿಕ್ಕ ಚಿಕ್ಕ ಕೈಗಳಿವೆಯಂತೆ. ಒಳಗೆ ಸಿಕ್ಕಿದ ಚೂರುಗಳನ್ನು ಎತ್ತಿ ಹಿಡಿದು, ಇದು ನಮ್ಮದಾ, ಹೊರಗಿನದಾ, ನೋಡಿ ಎಂದು ಕಾವಲಿನವರಿಗೆ ತೋರಿಸುತ್ತವೆ. ಕೈಯ ಆಕಾರ ಯಾವುದು ಎಂದು ತೀರ್ಮಾನಿಸುವುದು ಜೀನ್. ಒಂದು ಆಕಾರಕ್ಕೆ ನಮ್ಮ ಲ್ಯಾಬಿನಲ್ಲಿ ‘ಹದಿನೈದು’ ಎಂದು ಅಡ್ಡಹೆಸರು. ಆ ಕೈ ನರದ ಹೊದಿಕೆಯ ಚೂರನ್ನು ಎತ್ತಿ ಹಿಡಿದರೆ ಕೆಲವರಲ್ಲಿ ಕಾವಲಿನವರು ಕೆರಳುತ್ತಾರೆ. ಹದಿನೈದು ಇದ್ದವರಿಗೆ ಎಂಎಸ್ ಬರುವ ಸಾಧ್ಯತೆ ಸುಮಾರು ಮೂರು ಪಟ್ಟು. ಆದರೂ ಇದ್ದವರಲ್ಲಿ ಬಹುಪಾಲು ಜನರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ.

‘ಇವಳನ್ನೇ ನೋಡಿ’ ಎಂದು ನನ್ನ ಕಡೆ ಕೈ ತೋರಿಸಿದರು. ನನಗೆ ಹದಿನೈದು ಇರುವುದು ಇಲ್ಲಿ ಎಲ್ಲರಿಗೂ ಗೊತ್ತು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಜೂನ್ 9, ಭಾನುವಾರ. ಸಂಜೆ 5

ಅಕ್ಕನ ಮನೆಗೆ ಹೋಗಿ ಬಂದೆ. ಹನ್ನೊಂದು ನಿಮಿಷಕ್ಕೆ ಅಕ್ಕ. ಅಷ್ಟಕ್ಕೇ ಮೂವತ್ತೆಂಟು ವರ್ಷದಿಂದ ಯಜಮಾನಿಕೆ ನಡೆಸುತ್ತಿದ್ದಾಳೆ. ನಾವು ಒಂದೇ ಅಚ್ಚಿನ ಅವಳಿ. ಶಾಲೆಯಲ್ಲಿ ಅವಳ ತಪ್ಪಿಗೆ ನನಗೆ ಏಟು ಬಿದ್ದಿದೆ.

ಅವಳಿಗೆ ಎಂಎಸ್ ಬಂದು ಆರು ವರ್ಷ. ಎಡಗಾಲು ಎಳೆಯುತ್ತದೆ. ಮಾತು ಮಾತ್ರ ಚುರುಕು.

ನನಗೆ ಅವಳಿ ಇರುವುದು ಲ್ಯಾಬಿನಲ್ಲಿ ಯಾರಿಗೂ ಗೊತ್ತಿಲ್ಲ. ‘ಒಬ್ಬಳು ಅಕ್ಕ’ ಎಂದಿದ್ದೆ, ಅಷ್ಟೇ. ಗೊತ್ತಾದರೆ ಎಲ್ಲರೂ ನನ್ನನ್ನು ನೋಡುವ ರೀತಿ ಬದಲಾಗುತ್ತದೆ… ಅಮ್ಮ ಈಗಾಗಲೇ ಹಾಗೆ ನೋಡುತ್ತಾಳೆ. ಬಾಗಿಲು ತೆಗೆದವಳ ಕಣ್ಣು ಮೊದಲು ಹೋಗುವುದು ನನ್ನ ಕಾಲಿಗೆ.

ಹೊರಡುವಾಗ ಅಕ್ಕ ಹೇಳಿದ್ದು: ‘ನಮ್ಮಿಬ್ಬರಲ್ಲಿ ಒಬ್ಬಳಾದ್ರೂ ಧಡಧಡ ಮೆಟ್ಟಿಲು ಇಳೀತಾಳಲ್ಲ. ಅಷ್ಟು ಸಾಕು ಕಣೇ ನನಗೆ.’ ಲಿಫ್ಟ್ ಬಿಟ್ಟು, ಬೇಕೆಂದೇ ಧಡಧಡ ಇಳಿದೆ.

ಜೂನ್ 17

ಕಂಪ್ಯೂಟರಿನವನು (ಎಲ್ಲರೂ ಅವನನ್ನು ಪಂಡಿತ ಎನ್ನುತ್ತೇವೆ) ಬೆಳಿಗ್ಗೆಯೇ ಬಂದ. ಒಬ್ಬರೇ ಎರಡು ಸಲ ಸೇರಿದ್ದರೆ ಅವನ ಪ್ರೋಗ್ರಾಂ ಹಿಡಿಯುತ್ತದೆ. ಇವತ್ತು ಹಿಡಿದಿದೆ. ಕೆಂಪು ನೂರ ಹದಿನಾಲ್ಕು ಮತ್ತು ಹಸಿರು ಏಳು — ಒಂದೇ ವ್ಯಕ್ತಿ.

ಮೇಡಂ ಮುಖ ಗಂಟಿಕ್ಕಿತು. ನನ್ನ ಟ್ಯೂಬಿನ ಹನಿ ರೋಗಿಯ ಟ್ಯೂಬಿಗೆ ಬಿದ್ದಿರಬೇಕು, ಒಂಬತ್ತು ವರ್ಷದ ಅನುಭವದವಳು ಹೀಗಾ ಮಾಡುವುದು ಎಂದರು. ತಲೆ ತಗ್ಗಿಸಿ ನಿಂತೆ.

ಅಕ್ಕ ರಕ್ತ ಕೊಟ್ಟಿದ್ದಾಳೆ. ನನಗೆ ಹೇಳಿಲ್ಲ.

ಜೂನ್ 18

ಮೂಲ ರಕ್ತದಿಂದ ಮತ್ತೆ ಮಾಡಿಸಿದರು. ಬೇರೆ ಕೋಣೆ, ಬೇರೆಯವರ ಕೈ. ಅದೇ ಉತ್ತರ. ಪಂಡಿತ ಪರದೆ ತಿರುಗಿಸಿ ತೋರಿಸಿದ. ಮೇಲಿನ ಸಾಲು ಅವಳು, ಕೆಳಗಿನ ಸಾಲು ನಾನು. ಮೂರು ಪುಟ ಇಳಿಸಿದ, ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲ. ‘ಇಬ್ಬರಲ್ಲ ರೀ, ಒಬ್ಬರೇ’ ಎಂದ.

ಒಂದನ್ನು ತೆಗೆಯಬೇಕಂತೆ. ಯಾವುದನ್ನು ಎಂದು ಯೋಚಿಸಿ ಹೇಳುತ್ತಾರಂತೆ ಮೇಡಂ. ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಜುಲೈ 1

ಹದಿಮೂರು ದಿನ ಬರೆದಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಎಂಬ ಭಯ.

ಬಲಗಣ್ಣು. ಎಡಗಣ್ಣು ಮುಚ್ಚಿ ನೋಡಿದರೆ ಕೆಂಪು ಮುಚ್ಚಳಗಳು ಕೆಂಪಾಗಿಲ್ಲ. ನೂರು ಸಲ ಒಗೆದ ಬಟ್ಟೆಯ ಬಣ್ಣ. ಕಣ್ಣು ಹೊರಳಿಸಿದರೆ ಹಿಂದೆಲ್ಲೋ ನೋವು. ಬಿಸಿನೀರಿನ ಸ್ನಾನ ಮಾಡಿದ ಮೇಲೆ ಇನ್ನೂ ಮಂಜು. ಬೆಂಕಿ ಆರಿಸುವ ಸಿಲಿಂಡರ್, ಅಂಚೆ ಡಬ್ಬಿ, ನನ್ನದೇ ಉಗುರು ಬಣ್ಣ… ಊರೆಲ್ಲ ಕೆಂಪು ಹುಡುಕಿಕೊಂಡು ಒಂದೊಂದೇ ಕಣ್ಣು ಮುಚ್ಚುತ್ತಾ ನಡೆದೆ. ನೋಡಿದವರು ಹುಚ್ಚಿ ಎಂದುಕೊಂಡಿರಬೇಕು.

ಆರು ವರ್ಷದ ಹಿಂದೆ ಅಕ್ಕನಿಗೂ ಶುರುವಾಗಿದ್ದು ಕಣ್ಣಿನಿಂದಲೇ.

ಜುಲೈ 3

ಹೇಳಿಬಿಟ್ಟೆ. ಕಣ್ಣಿನದಲ್ಲ, ಅವಳಿ ಎಂಬುದನ್ನು. ರೋಗಿಯಿಂದ ಹೊಸ ಸ್ಯಾಂಪಲ್ ತರಿಸಲು ಮೇಡಂ ಫೋನ್ ಎತ್ತಿಕೊಂಡಿದ್ದರು. ಕಾಲು ಎಳೆದುಕೊಂಡು ಅಕ್ಕ ಮತ್ತೆ ಬರಬೇಕಾ?

ಮೇಡಂ ಫೋನ್ ಇಟ್ಟರು. ಬೈಯುತ್ತಾರೆಂದುಕೊಂಡೆ. ಬಾಗಿಲು ಮುಚ್ಚಿ, ಕೂರಿಸಿ, ಒಂದೇ ಅಚ್ಚಿನ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ನಾಲ್ಕರಲ್ಲಿ ಮೂರು ಜೋಡಿಗಳಲ್ಲಿ ಇನ್ನೊಬ್ಬರಿಗೆ ಬರುವುದೇ ಇಲ್ಲ ಎಂದರು. ಜೀನ್ ಒಂದೇ ಸಾಲದು, ಯಾವುದೋ ಹಳೆಯ ಸೋಂಕು, ಇನ್ನೇನೋ ಕೂಡಿಬರಬೇಕು. ಆಮೇಲೆ ಅವರ ಕಣ್ಣು ಅರಳಿತು. ಎಲ್ಲವೂ ಒಂದೇ ಆಗಿದ್ದೂ ಒಬ್ಬಳಿಗೆ ಬಂದಿದೆ, ಒಬ್ಬಳಿಗೆ ಬಂದಿಲ್ಲ. ‘ನಿಮ್ಮಿಬ್ಬರ ಮೇಲೇ ಬೇರೆ ಸ್ಟಡಿ ಮಾಡೋಣ ಕಣಮ್ಮ. ನಿನ್ನನ್ನ ಏನು ಕಾಯ್ತಿದೆ ಅಂತ ಗೊತ್ತಾದ್ರೆ ಸಾಕು.’

ಫಾರಂ ಕೊಟ್ಟರು. ಒಂಬತ್ತನೇ ಪ್ರಶ್ನೆ: ಇತ್ತೀಚೆಗೆ ದೃಷ್ಟಿಯಲ್ಲಿ ತೊಂದರೆ? ‘ಇಲ್ಲ’ ಎಂದು ಗುರುತು ಹಾಕಿದೆ. ಎಷ್ಟು ಸಲೀಸಾಗಿ! ಅದೇ ಹೆದರಿಕೆ ಹುಟ್ಟಿಸಿತು.

ಜುಲೈ 7, ಭಾನುವಾರ

ಮೇಡಂ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದ್ದಾರೆ. ಅಕ್ಕ ಕುಣಿಯುವುದೊಂದು ಬಾಕಿ. ‘ನಾನು ಕೆಟ್ಟಿದ್ದಕ್ಕೂ ಒಂದು ಅರ್ಥ ಬಂತು ನೋಡು. ನಿನ್ನಲ್ಲಿ ಇರೋದು ಸಿಕ್ಕಿಬಿಟ್ರೆ ಎಷ್ಟು ಜನ ಉಳೀತಾರೆ.’ ಅಮ್ಮ ಕೂಡ ಇವತ್ತು ನನ್ನ ಮುಖ ನೋಡಿದಳು, ಕಾಲನ್ನಲ್ಲ.

ಬಲಗಡೆ ಕೂತಿದ್ದ ಅಕ್ಕನನ್ನು ಸರಿಯಾಗಿ ನೋಡಲು ಪೂರ್ತಿ ತಲೆ ತಿರುಗಿಸಬೇಕಾಯಿತು. ಮಂಜಿನೊಳಗೆ ಅವಳ ಮುಖ, ಅಂದರೆ ನನ್ನದೇ ಮುಖ. ನಗುತ್ತಿತ್ತು.

ಜುಲೈ 8. ಮಧ್ಯಾಹ್ನ

ಫಾರಂ ವಾಪಸ್ ಕೇಳಿದೆ. ಒಂಬತ್ತನೆಯದರ ‘ಇಲ್ಲ’ ಹೊಡೆದುಹಾಕಿ ‘ಇದೆ, ಬಲಗಣ್ಣು’ ಎಂದು ಬರೆದೆ. ನನ್ನ ಸುಳ್ಳಿನ ಮೇಲೆ ಯಾರ್ಯಾರದೋ ಔಷಧಿ ಕಟ್ಟುವುದು ಬೇಡ. ಮೇಡಂ ಓದಿ ಕನ್ನಡಕ ತೆಗೆದಿಟ್ಟರು. ಆಮೇಲೆ ಅವರೇ ತಮಗೆ ಗೊತ್ತಿರುವ ನರರೋಗ ಡಾಕ್ಟರ ಹತ್ತಿರ ನಾಡಿದ್ದಿಗೆ ಸಮಯ ಗೊತ್ತು ಮಾಡಿದರು. ಬೇರೆ ಆಸ್ಪತ್ರೆ, ಅಕ್ಕ ಹೋಗುವುದಲ್ಲ. ಅಕ್ಕನಿಗೆ ಹೇಳಬೇಡಿ ಎಂದು ಕೈ ಮುಗಿದೆ. ಆಣೆ ಮಾಡಿದರು.

ಜುಲೈ 9. ಸಂಜೆ 6

ಅಕ್ಕನ ಫೋನ್. ಅದೂ ಇದೂ ಮಾತಾಡಿದಳು. ಆಮೇಲೆ ಮೆಲ್ಲಗೆ: ‘ಬಲಗಣ್ಣು ತಾನೆ?’

ಮೇಡಂ ಆಣೆ ಮುರಿದರಾ, ಮೊನ್ನೆ ನಾನು ತಲೆ ತಿರುಗಿಸಿದ್ದನ್ನು ಅವಳೇ ಗಮನಿಸಿದಳಾ, ಕೇಳುವ ಧೈರ್ಯವಾಗಲಿಲ್ಲ. ಫೋನಿನ ಎರಡೂ ಕಡೆ ಒಂದೇ ಉಸಿರು, ಯಾವುದು ನನ್ನದು ತಿಳಿಯಲಿಲ್ಲ.

‘ಇಲ್ಲ ಅನ್ನು’ ಎಂದಳು. ‘ಇವತ್ತೊಂದು ದಿನ ಇಲ್ಲ ಅಂದುಬಿಡೇ.’

‘ಇಲ್ಲ’ ಎಂದೆ.

ಜುಲೈ 10. ಬೆಳಿಗ್ಗೆ 8.40

ಹತ್ತಕ್ಕೆ ಡಾಕ್ಟರು. ಸ್ಕ್ಯಾನ್ ಇವತ್ತೇ ಮಾಡುತ್ತಾರಂತೆ. ಇನ್ನೇನು ಹೊರಡಬೇಕು.

ಕೆಳಗೆ ಕಾರು ನಿಂತ ಸದ್ದಾಗಿ ಕಿಟಕಿಯಿಂದ ಬಗ್ಗಿ ನೋಡಿದೆ. ಅಕ್ಕ. ಒಬ್ಬಳೇ. ದಿನ, ಸಮಯ, ಯಾವುದನ್ನೂ ನಾನು ಹೇಳಿಲ್ಲ. ಕಂಕುಳಲ್ಲಿ ಅವಳ ಮೊದಲ ವರ್ಷದ ಆಸ್ಪತ್ರೆ ಫೈಲು. ಮೂರು ಮಹಡಿ, ಲಿಫ್ಟ್ ಇಲ್ಲ. ಅವಳು ಮೆಟ್ಟಿಲು ಹತ್ತಿ ಎರಡು ವರ್ಷವಾಯಿತು.

ಹತ್ತುತ್ತಿದ್ದಾಳೆ. ಒಂದು ಹೆಜ್ಜೆ, ಒಂದು ಎಳೆತ. ಒಂದು ಹೆಜ್ಜೆ, ಒಂದು ಎಳೆತ. ಎದುರಿಗೆ ಇಳಿದು ಹೋಗೋಣ ಎಂದು ಎದ್ದೆ. ಎಡಗಾಲು ನೆಲದಿಂದ ಏಳಲಿಲ್ಲ.