ಗೋಲಿಯಷ್ಟು ದಪ್ಪದ ನಕ್ಷತ್ರಗಳು

ನವೆಂಬರ್ ೧೪, ಶುಕ್ರವಾರ

ಸಂಜೆ ಅಮ್ಮನಿಗೆ ನಮ್ಮ ಸಿನಿಮಾ ತೋರಿಸಿದೆ. ಅದರ ರಾತ್ರಿಯ ಆಕಾಶವನ್ನು ಕಂಪ್ಯೂಟರಿನಲ್ಲಿ ಮಾಡಿದವನು ನಾನು. ಪರಾತದಷ್ಟು ಅಗಲದ ಹುಣ್ಣಿಮೆ ಚಂದ್ರ, ಅವನ ಮಗ್ಗುಲಲ್ಲೇ ಗೋಲಿಯಷ್ಟು ದಪ್ಪದ ನಕ್ಷತ್ರಗಳು. ಹುಣ್ಣಿಮೆಯಲ್ಲಿ ಇಷ್ಟು ಕಾಣಲ್ಲ ಸಾರ್ ಅಂದಿದ್ದಕ್ಕೆ ನಿರ್ದೇಶಕರು, “ಜನಕ್ಕೆ ಕಾಣ್ಬೇಕಲ್ಲಯ್ಯಾ, ಇನ್ನಷ್ಟು ಸುರಿ” ಅಂದಿದ್ದರು. ಸುರಿದಿದ್ದೆ. ಪರದೆಯ ಮೇಲೆ ನೋಡುವಾಗ ನಾಚಿಕೆಯಾಯಿತು.

ಕಣ್ಣಿನ ಡಾಕ್ಟರ ಮಾತೆತ್ತಿದರೆ ಸಿಡುಕುವ ಅಮ್ಮ ನನ್ನ ಕೈ ಹಿಡಿದುಕೊಂಡಳು. “ನಕ್ಷತ್ರ ನೋಡಿ ಎಷ್ಟು ದಿನ ಆಗಿತ್ತೋ!”

ವಾಪಸು ಬರುವಾಗ ಕರೆಂಟು ಹೋಗಿ ಬೀದಿಯೆಲ್ಲ ಕತ್ತಲು. ಅಮ್ಮ ತಲೆಯೆತ್ತಿ ಹುಡುಕಿದಳು.

“ಇಲ್ಯಾಕೋ ಒಂದೂ ಇಲ್ಲ?”

“ಮೋಡ ಕಣಮ್ಮಾ” ಅಂದೆ.

ಸಾಸಿವೆ ಚೆಲ್ಲಿದ ಹಾಗೆ ಆಕಾಶದ ತುಂಬ ನಕ್ಷತ್ರಗಳಿದ್ದವು. ಒಂದು ಚೂರು ಮೋಡವೂ ಇರಲಿಲ್ಲ.