ಗೆರೆ ತುಂಬಿದ ಪುಸ್ತಕ

ಮಾರ್ಚ್ ೪, ಮಂಗಳವಾರ

ಮಗಳ ವಿಜ್ಞಾನ ಪರೀಕ್ಷೆಗೆ ಇನ್ನು ಆರೇ ದಿನ. ಅವಳಮ್ಮ ತೀರಿಕೊಂಡ ಮೇಲೆ ಅವಳ ಓದೆಂದರೆ ಪ್ರತಿ ಸಾಲಿಗೂ ಗೆರೆ ಎಳೆಯುವುದು, ಅಷ್ಟೇ. ಇವತ್ತು ಹೊಲಿಗೆ ನಿಲ್ಲಿಸಿ, "ಬಟ್ಟೆ ತುಂಬಾ ಗುರುತು ಹಾಕಿದ್ರೆ ಎಲ್ಲಿ ಕತ್ತರಿಸ್ಲಿ ಮಗಳೇ? ಪುಸ್ತಕ ಮುಚ್ಚು, ನಂಗೆ ಹೇಳು" ಎಂದೆ.

ರಕ್ತ ಹೃದಯದಿಂದ ಶ್ವಾಸಕೋಶಕ್ಕೆ ಹೋಗಿ ಮತ್ತೆ ಹೃದಯಕ್ಕೇ ಬರುತ್ತದಂತೆ.

"ವಾಪಸ್ ಯಾಕೆ? ಬಂದ ದಾರಿಗೆ ಸುಂಕವಿಲ್ಲ ಅಂತಾನಾ?"

ಪುಸ್ತಕ ನೋಡಿ, ಮುಚ್ಚಿ, ಮತ್ತೆ ಹೇಳಿದಳು: "ಮೈಗೆಲ್ಲಾ ತಳ್ಳೋದು ಹೃದಯಾನೇ ಅಲ್ವೇನಪ್ಪಾ!"

ಆಮೇಲೆ ನಕ್ಕಳು. "ಅಮ್ಮ ಇದಕ್ಕಿಂತ ದಡ್ಡ ಪ್ರಶ್ನೆ ಕೇಳ್ತಿದ್ಲು."

ಎರಡು ತಿಂಗಳಲ್ಲಿ ಅವಳ ಬಾಯಲ್ಲಿ ಅಮ್ಮ ಎಂಬ ಮಾತು ಬಂದದ್ದು ಇದೇ ಮೊದಲು.

ನಾಳೆ ಮೂತ್ರಪಿಂಡವಂತೆ. ಇನ್ನೂ ದಡ್ಡ ಪ್ರಶ್ನೆಯೊಂದನ್ನು ಯೋಚಿಸಿಟ್ಟುಕೊಳ್ಳಬೇಕು. ಅವಳಮ್ಮನಾಗಿದ್ದರೆ ಏನು ಕೇಳುತ್ತಿದ್ದಳೋ...